ಗೆಲ್ಲುವ ಎಲೆ, ಸೋಲುವ ಆಟ

ಏಪ್ರಿಲ್ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ಹೊರಗೆ ಕಾಲಿಡುವಂತಿಲ್ಲ. ಬಿಸಿಲು 40 ಡಿಗ್ರಿ ದಾಟಿತೆಂದರೆ ಜೇವರ್ಗಿ ಕಾಲೋನಿಯ ಓಣಿಗಳಲ್ಲಿ ಕ್ರಿಕೆಟ್ ತಾನಾಗಿಯೇ ನಿಲ್ಲುತ್ತದೆ. ಮಕ್ಕಳು ಶಹಾಬಾದ್ ಕಲ್ಲು ಹಾಸಿದ ತಂಪು ಪಡಸಾಲೆಗೆ ಬಂದು ಕೂಡುತ್ತಾರೆ. ಹಳೆಯ ಮದುವೆ ಪತ್ರಿಕೆ, ನೋಟ್‌ಬುಕ್ಕಿನ ರಟ್ಟು, ಒಂದು ಕತ್ತರಿ, ನಾಲ್ಕು ಬಣ್ಣದ ಪೆನ್ಸಿಲ್ ಸಿಕ್ಕರೆ ಸಾಕು, ಕೈಯಾರೆ ಮಾಡಿದ ಕಾರ್ಡುಗಳ ಆಟವೊಂದು ಸಿದ್ಧವಾಗುತ್ತದೆ. ಒಬ್ಬ ಹುಲಿಯ ಚಿತ್ರ ಬರೆದು ಅದರ ಬಲ 50 ಎನ್ನುತ್ತಾನೆ. ಇನ್ನೊಬ್ಬಳು ಆನೆ ಬರೆದು ನೂರು ಎನ್ನುತ್ತಾಳೆ. ಮೂರನೆಯವನು ಕೋಟೆಯ ಮೇಲಿನ ಬಾರಾ ಗಜಿ ತೋಪನ್ನು ಬರೆದು ಸಾವಿರ ಎಂದು ಬಿಡುತ್ತಾನೆ. ಕೊನೆಗೆ ಎಲ್ಲರಿಗಿಂತ ಚಿಕ್ಕವನು ಖಾಲಿ ರಟ್ಟಿನ ಮೇಲೆ ‘ಇದು ಎಲ್ಲವನ್ನೂ ಸೋಲಿಸುತ್ತದೆ’ ಎಂದು ಬರೆಯುತ್ತಾನೆ.

ಅಲ್ಲಿಗೆ ಆಟ ಮುಗಿಯಿತು. ಗೆದ್ದವನಿಗೂ ಆಮೇಲೆ ಮಾಡಲು ಕೆಲಸವಿಲ್ಲ.

ಇದು ಮಕ್ಕಳ ಜಗಳವೆಂದು ನಕ್ಕು ಬಿಡಬಹುದು. ಆದರೆ ಇದೇ ಸಮಸ್ಯೆ ಅಮೆರಿಕದ ಒಬ್ಬ ಗಣಿತ ವಿದ್ವಾಂಸನನ್ನು ಕಾಡಿದೆ. ಅಕ್ಬರ್ ಬಾದಶಹನ ಆಸ್ಥಾನದಲ್ಲೂ ಇದರ ಬಗ್ಗೆ ಯೋಚನೆ ನಡೆದಿದೆ. ಮೈಸೂರಿನ ಒಬ್ಬ ಅರಸರು ತಮ್ಮ ಆಯುಷ್ಯದ ಒಂದು ಭಾಗವನ್ನು ಇದಕ್ಕೇ ಮೀಸಲಿಟ್ಟಿದ್ದರು. ಒಂದು ಆಟಕ್ಕೆ ಹೊಸ ಎಲೆ ಸೇರಿಸಬೇಕು, ಆ ಎಲೆ ಆಕರ್ಷಕವಾಗಿರಬೇಕು, ಆದರೆ ಅದು ಆಟವನ್ನೇ ನುಂಗಿ ಹಾಕಬಾರದು. ಇದನ್ನು ಸಾಧಿಸುವುದು ಹೇಗೆ?

ಮೂರು ಎಂಬ ಒಂದೇ ಅಂಕಿ

ಇಸ್ಪೀಟಿನ ಕಟ್ಟಿನಲ್ಲಿ 52 ಎಲೆಗಳು. ಯಾರ ಮನೆಗೆ ಹೋದರೂ ಅವೇ 52. ಆದರೆ ‘ಟ್ರೇಡಿಂಗ್ ಕಾರ್ಡ್’ ಆಟ ಎಂದು ಕರೆಸಿಕೊಳ್ಳುವ ಬಗೆಯಲ್ಲಿ ಹಾಗಿಲ್ಲ. ಅಲ್ಲಿ ನೂರಾರು, ಸಾವಿರಾರು ಬೇರೆ ಬೇರೆ ಎಲೆಗಳಿರುತ್ತವೆ. ಆಟಗಾರ ಅವುಗಳನ್ನು ಕೊಂಡು, ಗೆಳೆಯರೊಡನೆ ವಿನಿಮಯ ಮಾಡಿಕೊಂಡು, ತನಗೆ ಬೇಕಾದ್ದನ್ನು ಆರಿಸಿ ಸ್ವಂತ ಕಟ್ಟನ್ನು ಕಟ್ಟಿಕೊಳ್ಳುತ್ತಾನೆ. ಎದುರಾಳಿಯ ಕಟ್ಟಿನಲ್ಲಿ ಏನಿದೆಯೆಂಬುದು ಆಡುವವರೆಗೆ ತಿಳಿಯದು.

ಈ ಬಗೆಯ ಮೊದಲ ಆಟ 1993ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಹೊರಬಂದ ‘ಮ್ಯಾಜಿಕ್: ದ ಗ್ಯಾದರಿಂಗ್’. ಇದನ್ನು ರೂಪಿಸಿದ ರಿಚರ್ಡ್ ಗಾರ್ಫೀಲ್ಡ್ ಅದೇ ವರ್ಷ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಪಿಎಚ್.ಡಿ. ಪಡೆದವರು. ಮೊದಲ ಮುದ್ರಣದಲ್ಲಿ ಇದ್ದವು 295 ಬಗೆಯ ಎಲೆಗಳು. ಇದರ ಬೆನ್ನಿಗೇ 1996ರಲ್ಲಿ ಜಪಾನಿನಲ್ಲಿ ಪೋಕೆಮಾನ್ ಕಾರ್ಡುಗಳು, 1999ರಲ್ಲಿ ಯು-ಗಿ-ಓ ಕಾರ್ಡುಗಳು ಬಂದವು.

ಮ್ಯಾಜಿಕ್ ಆಟದಲ್ಲಿ ಪ್ರತಿ ಎಲೆಗೂ ಒಂದು ಬೆಲೆಯಿದೆ. ಅಂಗಡಿಯಲ್ಲಿ ಕೊಡುವ ಹಣ ಅದಲ್ಲ. ಆಟದೊಳಗೆ ತೆರಬೇಕಾದ ಖರ್ಚು. ಸಾಮಾನ್ಯವಾಗಿ ಸರದಿಗೊಂದು ‘ಭೂಮಿ’ ಎಲೆಯನ್ನು ಕೆಳಗಿಡಬಹುದು. ಆ ಭೂಮಿಯೇ ಬಂಡವಾಳವನ್ನು ಹುಟ್ಟಿಸುತ್ತದೆ. ಹಾಗಾಗಿ ಮೊದಲ ಸರದಿಯಲ್ಲಿ ಒಂದರ ಖರ್ಚಿನ ಎಲೆ, ಎರಡನೆಯ ಸರದಿಯಲ್ಲಿ ಎರಡರ ಖರ್ಚಿನ ಎಲೆ, ಹೀಗೆ ಆಟ ಬೆಳೆಯುತ್ತದೆ. ಬಲವಾದ ಎಲೆಗೆ ಹೆಚ್ಚು ಖರ್ಚು, ದುರ್ಬಲ ಎಲೆಗೆ ಕಡಿಮೆ ಖರ್ಚು. ಕೇಳುವುದಕ್ಕೆ ಇಷ್ಟು ಸರಳ. ತೊಡಕು ಇರುವುದು ‘ಬಲ’ ಎಂಬುದನ್ನು ಅಳೆಯುವಲ್ಲಿ.

ಮೊದಲ ಮುದ್ರಣದಲ್ಲಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಐದು ಎಲೆಗಳಿದ್ದವು. ಐದಕ್ಕೂ ಖರ್ಚು ಒಂದೇ. ಐದೂ ‘ಮೂರು’ ಕೊಡುತ್ತವೆ. ‘ಲೈಟ್ನಿಂಗ್ ಬೋಲ್ಟ್’ ಎದುರಾಳಿಗೆ ಮೂರು ಪೆಟ್ಟು ಕೊಡುತ್ತದೆ. ‘ಜಯಂಟ್ ಗ್ರೋತ್’ ಒಂದು ಜೀವಿಯ ಬಲವನ್ನೂ ತಾಳಿಕೆಯನ್ನೂ ಆ ಸರದಿಯ ಮಟ್ಟಿಗೆ ಮೂರು ಮೂರು ಹೆಚ್ಚಿಸುತ್ತದೆ. ‘ಡಾರ್ಕ್ ರಿಚುಯಲ್’ ಮೂರು ಬಂಡವಾಳ ಕೊಡುತ್ತದೆ. ‘ಹೀಲಿಂಗ್ ಸಾಲ್ವ್’ ಮೂರು ಜೀವಾಂಶ ಉಳಿಸಿಕೊಡುತ್ತದೆ. ‘ಆನ್ಸೆಸ್ಟ್ರಲ್ ರಿಕಾಲ್’ ಕಟ್ಟಿನಿಂದ ಮೂರು ಎಲೆ ಎತ್ತಿಕೊಳ್ಳಲು ಬಿಡುತ್ತದೆ.

ಕಾಗದದ ಮೇಲೆ ಐದೂ ಸಮಾನ. ಆಡಿ ನೋಡಿದಾಗ ಹೀಲಿಂಗ್ ಸಾಲ್ವನ್ನು ಯಾರೂ ಕೇಳುವವರಿಲ್ಲ. ಆನ್ಸೆಸ್ಟ್ರಲ್ ರಿಕಾಲ್ ಮಾತ್ರ ಆ ಆಟದ ಇತಿಹಾಸದಲ್ಲೇ ಅತಿ ಬಲಶಾಲಿಯಾದ ಒಂಬತ್ತು ಎಲೆಗಳ ಗುಂಪಿಗೆ ಸೇರಿತು. ಸ್ಪರ್ಧೆಗಳಲ್ಲಿ ಅದಕ್ಕೆ ಕಟ್ಟುನಿಟ್ಟಾದ ಮಿತಿ ಬಿತ್ತು. ಕಾರಣ ಸ್ಪಷ್ಟ. ಮೂರು ಪೆಟ್ಟು ಎಂದರೆ ಮೂರು ಪೆಟ್ಟು ಅಷ್ಟೇ. ಮೂರು ಎಲೆ ಎಂದರೆ ಆ ಮೂರರಲ್ಲಿ ಏನು ಬೇಕಾದರೂ ಇರಬಹುದು. ಒಂದು ಎಲೆ ಖರ್ಚು ಮಾಡಿ ಮೂರು ಎಲೆ ಪಡೆದವನ ಕೈ ಎರಡು ಎಲೆಯಷ್ಟು ಹಿಗ್ಗುತ್ತದೆ. ಎದುರಾಳಿಯ ಕೈ ಇದ್ದಲ್ಲೇ ಇರುತ್ತದೆ. ಯು-ಗಿ-ಓದಲ್ಲಿ ಖರ್ಚೇ ಇಲ್ಲದೆ ಎರಡು ಎಲೆ ಕೊಡುತ್ತಿದ್ದ ‘ಪಾಟ್ ಆಫ್ ಗ್ರೀಡ್’ ಎಂಬ ಎಲೆಯನ್ನೂ ಸ್ಪರ್ಧೆಗಳಿಂದ ಹೊರಗಿಡಬೇಕಾಯಿತು.

ಹೊಸ ಎಲೆ ಮಾಡುವವರಿಗೆ ಇಲ್ಲಿ ಮೊದಲ ಪಾಠವಿದೆ. ಅಂಕಿ ಸಮವಾದರೆ ಬಲ ಸಮವಾಗುವುದಿಲ್ಲ. ಪೆಟ್ಟಿಗಿಂತ ಅವಕಾಶ ದೊಡ್ಡದು.

ತೋಪಿಗೆ ಬೆಲೆ ಕಟ್ಟುವುದು

ಈಗ ಪಡಸಾಲೆಯ ತೋಪಿಗೆ ಮರಳೋಣ. ಕಲಬುರಗಿ ಕೋಟೆಯಲ್ಲಿರುವ ಬಾರಾ ಗಜಿ ತೋಪು ಸುಮಾರು 29 ಅಡಿ ಉದ್ದದ್ದು. ಬಹಮನಿ ಅರಸರು 1347ರಲ್ಲಿ ರಾಜಧಾನಿ ಮಾಡಿಕೊಂಡ ಈ ಊರಿನ ಹುಡುಗನಿಗೆ ಅದರಷ್ಟು ಹೆಮ್ಮೆಯ ಇನ್ನೊಂದು ಆಯುಧ ಇರಲಾರದು. ಅದನ್ನು ಎಲೆಯಾಗಿಸುವುದು ಹೇಗೆ?

ಒಂದು ಅಳತೆಗೋಲು ಬೇಕು. ಮ್ಯಾಜಿಕ್ ಆಟದ ಮೊದಲ ಮುದ್ರಣದಲ್ಲಿ ‘ಗ್ರಿಜ್ಲಿ ಬೇರ್ಸ್’ ಎಂಬ ಸಾದಾ ಕರಡಿಯ ಎಲೆಯಿತ್ತು. ಖರ್ಚು ಎರಡು, ಹೊಡೆತ ಎರಡು, ತಾಳಿಕೆ ಎರಡು. ವಿಶೇಷ ಶಕ್ತಿ ಏನೂ ಇಲ್ಲ. ಹೊಸ ಎಲೆಯನ್ನು ತೂಗಲು ಅಭ್ಯಾಸಿಗಳು ಇಂಥ ಸಾದಾ ಎಲೆಯನ್ನೇ ಬಟ್ಟಾಗಿ ಬಳಸುತ್ತಾರೆ. ಇದರಿಂದ ಮನೆಯಲ್ಲಿ ಆಡುವ ಆಟಕ್ಕೆ ಒಂದು ಸರಳ ಲೆಕ್ಕ ಸಿಗುತ್ತದೆ: ಹೊಡೆತ ಮತ್ತು ತಾಳಿಕೆ ಕೂಡಿದರೆ ಖರ್ಚಿನ ಎರಡರಷ್ಟು ಆಗಬೇಕು.

ಹುಡುಗ ಬರೆದ ತೋಪಿನ ಖರ್ಚು 2, ಹೊಡೆತ 9, ತಾಳಿಕೆ 9 ಎಂದಿಟ್ಟುಕೊಳ್ಳಿ. ಕೂಡಿದರೆ 18. ಲೆಕ್ಕದ ಪ್ರಕಾರ ಇದರ ಖರ್ಚು 9 ಆಗಬೇಕಿತ್ತು. ಎದುರಾಳಿಗೆ 20 ಜೀವಾಂಶವಿದ್ದರೆ ಮೂರು ಹೊಡೆತಕ್ಕೆ ಅವನು ಮುಗಿದ. ಎರಡನೆಯ ಸರದಿಯಲ್ಲಿ ಇಳಿದ ತೋಪು ಐದನೆಯ ಸರದಿಯೊಳಗೆ ಆಟ ಮುಗಿಸಿಬಿಡುತ್ತದೆ. ಅಷ್ಟು ಬೇಗ ಅದಕ್ಕೆ ಉತ್ತರ ಕೊಡಬಲ್ಲ ಎಲೆ ಎದುರಾಳಿಯ ಕೈಗೆ ಬಂದಿರಲಾರದು.

ಖರ್ಚನ್ನು 9ಕ್ಕೆ ಏರಿಸಿದರೆ ಲೆಕ್ಕವೇನೋ ಸರಿಯಾಯಿತು. ಆದರೆ ಒಂಬತ್ತನೆಯ ಸರದಿಯವರೆಗೆ ಅದು ಕೈಯಲ್ಲಿ ಕೊಳೆಯುವ ಎಲೆ. ಅಷ್ಟರೊಳಗೆ ಆಟವೇ ಮುಗಿದಿರುತ್ತದೆ. ಅತಿ ಬಲದಷ್ಟೇ ಅತಿ ಖರ್ಚೂ ಎಲೆಯನ್ನು ಕೆಡಿಸುತ್ತದೆ.

ನಿಜವಾದ ತೋಪಿನ ಸ್ವಭಾವ ಇಲ್ಲಿ ನೆರವಿಗೆ ಬರುತ್ತದೆ. ಅದು ಭಾರ; ಬೇಗ ತಿರುಗದು. ಒಮ್ಮೆ ಹಾರಿಸಿದರೆ ಮತ್ತೆ ಮದ್ದು ತುಂಬಲು ಹೊತ್ತು ಬೇಕು. ಹತ್ತಿರ ಬಂದವನ ಎದುರು ಅದಕ್ಕೆ ರಕ್ಷಣೆಯಿಲ್ಲ. ಹಾಗಾದರೆ ಹೊಡೆತ 6, ತಾಳಿಕೆ 2 ಎಂದಿಡಬಹುದು. ಜೊತೆಗೆ ಒಂದು ಕೊರತೆ: ‘ಒಂದು ಸರದಿಯಲ್ಲಿ ಹಾರಿದರೆ ಮುಂದಿನ ಸರದಿಯಲ್ಲಿ ಹಾರದು.’ ಕೂಡಿಸಿದರೆ 8, ಎಂದರೆ ಖರ್ಚು 4. ಆದರೆ ಒಂದು ಬಿಟ್ಟು ಒಂದು ಸರದಿಯಲ್ಲಿ ಮಾತ್ರ ಹಾರುವುದರಿಂದ ಸರಾಸರಿ ಹೊಡೆತ 3. ಮೂರು ಮತ್ತು ಎರಡು ಕೂಡಿದರೆ 5; ಖರ್ಚು ಎರಡೂವರೆ. ಒಮ್ಮೆಲೇ ಬೀಳುವ ಆರರ ಪೆಟ್ಟು ಎರಡು ಸಲ ಬೀಳುವ ಮೂರರ ಪೆಟ್ಟಿಗಿಂತ ಭಯಂಕರವಾದ್ದರಿಂದ ಅರ್ಧವನ್ನು ಮೇಲಕ್ಕೆ ಸೇರಿಸಿ ಖರ್ಚು 3 ಎಂದು ಬರೆಯಬಹುದು. ಈಗ ಆ ಎಲೆ ತೋಪಿನಂತೆಯೇ ವರ್ತಿಸುತ್ತದೆ. ಹೆದರಿಕೆ ಹುಟ್ಟಿಸುತ್ತದೆ, ಆದರೆ ಕಾವಲು ಬೇಡುತ್ತದೆ.

ಒಳ್ಳೆಯ ಎಲೆಯ ಗುಟ್ಟು ಇದೇ. ಅದರ ದೌರ್ಬಲ್ಯವನ್ನು ಮೇಲಿನಿಂದ ಅಂಟಿಸಿರುವುದಿಲ್ಲ. ಚಿತ್ರದೊಳಗಿಂದಲೇ ಅದು ಹುಟ್ಟಿರುತ್ತದೆ. ಆಗ ನಿಯಮವನ್ನು ಬಾಯಿಪಾಠ ಮಾಡಬೇಕಿಲ್ಲ, ಚಿತ್ರ ನೋಡಿದರೆ ನೆನಪಿಗೆ ಬರುತ್ತದೆ.

ಜೋಡಿಯ ಅಪಾಯ

ಕೆಲಸ ಇಲ್ಲಿಗೆ ಮುಗಿಯಲಿಲ್ಲ. ಪಕ್ಕದ ಹುಡುಗಿ ‘ಮದ್ದಿನ ಮನೆ’ ಎಂಬ ಎಲೆ ಬರೆಯುತ್ತಾಳೆ ಎನ್ನಿ. ಖರ್ಚು 1. ‘ಪ್ರತಿ ಸರದಿಯಲ್ಲೂ ದಣಿದ ಒಂದು ಎಲೆಯನ್ನು ಮತ್ತೆ ಸಿದ್ಧಗೊಳಿಸುತ್ತದೆ.’ ಒಂಟಿಯಾಗಿ ನೋಡಿದರೆ ಇದು ನಿರುಪದ್ರವಿ. ತೋಪಿನ ಪಕ್ಕದಲ್ಲಿ ಇಟ್ಟರೆ? ತೋಪಿನ ಏಕೈಕ ಕೊರತೆ ಮಾಯ. ಎರಡೂ ಸೇರಿ ನಾಲ್ಕರ ಖರ್ಚಿಗೆ ಪ್ರತಿ ಸರದಿ ಆರರ ಪೆಟ್ಟು ಬೀಳತೊಡಗುತ್ತದೆ. ಬೇರೆ ಬೇರೆಯಾಗಿ ನ್ಯಾಯವಾಗಿದ್ದ ಎರಡು ಎಲೆ ಜೋಡಿಯಾದಾಗ ಅನ್ಯಾಯವಾದವು.

ಮ್ಯಾಜಿಕ್ ಆಟಕ್ಕೂ ಆರಂಭದಲ್ಲೇ ಈ ಪೆಟ್ಟು ಬಿತ್ತು. ‘ಚಾನೆಲ್’ ಎಂಬ ಎಲೆ ಆಟಗಾರನ ಜೀವಾಂಶವನ್ನು ಬಂಡವಾಳವಾಗಿ ಬದಲಿಸುತ್ತಿತ್ತು. ‘ಫೈರ್‌ಬಾಲ್’ ಎಂಬ ಎಲೆ ಎಷ್ಟು ಬಂಡವಾಳ ಸುರಿದರೆ ಅಷ್ಟು ಪೆಟ್ಟು ಕೊಡುತ್ತಿತ್ತು. ಎರಡೂ ಒಟ್ಟಿಗೆ ಕೈಗೆ ಬಂದವನು ತನ್ನ ಜೀವವನ್ನೇ ಸುಟ್ಟು ಎದುರಾಳಿಯನ್ನು ಮೊದಲ ಕೆಲವು ಸರದಿಯಲ್ಲೇ ಮುಗಿಸಬಹುದಿತ್ತು. ಚಾನೆಲ್‌ಗೆ ಸ್ಪರ್ಧೆಗಳಲ್ಲಿ ಮಿತಿ ಬಿತ್ತು.

ಮಿತಿ ಹಾಕುವುದೆಂದರೇನು? ಆರಂಭದಲ್ಲಿ ಒಂದೇ ಎಲೆಯ ಎಷ್ಟು ಪ್ರತಿಗಳನ್ನಾದರೂ ಕಟ್ಟಿನಲ್ಲಿ ಸೇರಿಸಿಕೊಳ್ಳಬಹುದಿತ್ತು. 1994ರಲ್ಲಿ ಸ್ಪರ್ಧೆಗಳಿಗೆ ನಿಯಮ ಬಂತು: ಕಟ್ಟಿನಲ್ಲಿ ಕನಿಷ್ಠ 60 ಎಲೆ, ಮೂಲಭೂಮಿಗಳನ್ನು ಬಿಟ್ಟರೆ ಒಂದು ಎಲೆಯ ನಾಲ್ಕು ಪ್ರತಿ ಮಾತ್ರ. ಅತಿ ಬಲದ ಕೆಲವು ಎಲೆಗಳಿಗೆ ಒಂದೇ ಪ್ರತಿ. ಇದರ ಹಿಂದೆ ಸಂಭಾವ್ಯತೆಯ ಗಣಿತವಿದೆ. ಆಟ ಶುರುವಾಗುವಾಗ ಕೈಗೆ ಏಳು ಎಲೆ ಬರುತ್ತವೆ. 60ರಲ್ಲಿ ನಾಲ್ಕು ಪ್ರತಿಯಿದ್ದರೆ ಆ ಏಳರಲ್ಲಿ ಕನಿಷ್ಠ ಒಂದಾದರೂ ಬರುವ ಸಾಧ್ಯತೆ ನೂರಕ್ಕೆ ಸುಮಾರು 40. ಒಂದೇ ಪ್ರತಿಯಿದ್ದರೆ ನೂರಕ್ಕೆ ಸುಮಾರು 12. ಎಲೆ ಬದಲಾಗಲಿಲ್ಲ, ಅದು ಬರುವ ಭರವಸೆ ಕುಗ್ಗಿತು. ಒಂದು ಎಲೆಯ ಬಲ ಅದರ ಮೇಲೆ ಬರೆದದ್ದರಲ್ಲಿ ಮಾತ್ರವಲ್ಲ, ಅದು ಎಷ್ಟು ಸಲ ಕೈಗೆ ಬರುತ್ತದೆ ಎಂಬುದರಲ್ಲೂ ಇದೆ.

ಮೊದಲು ಆಡುವವರ ಲಾಭವೂ ಸಣ್ಣದಲ್ಲ. ಕರ್ನಾಟಕದಲ್ಲಿ ಪೊಲೀಸ್ ದಾಳಿಯ ಸುದ್ದಿಗಳಿಂದಾಗಿ ಎಲ್ಲರಿಗೂ ಹೆಸರು ಗೊತ್ತಿರುವ ಅಂದರ್-ಬಾಹರ್ ಕೇವಲ ಅದೃಷ್ಟದ ಆಟ. ಆಟಗಾರನ ಜಾಣತನಕ್ಕೆ ಅಲ್ಲಿ ಜಾಗವಿಲ್ಲ. ಆದರೂ ಎರಡು ಕಡೆಗಳು ಸಮವಲ್ಲ. ಮೊದಲ ಎಲೆ ಯಾವ ಕಡೆಗೆ ಬೀಳುತ್ತದೋ ಆ ಕಡೆ ಗೆಲ್ಲುವ ಸಾಧ್ಯತೆ ನೂರಕ್ಕೆ ಸುಮಾರು 51.5. ಕಣ್ಣಿಗೆ ಕಾಣದ ಈ ಒಂದೂವರೆ ಅಂಶದ ಓರೆ ಸಾವಿರ ಸಲ ಆಡಿದಾಗ ಜೇಬಿನಲ್ಲಿ ಕಾಣುತ್ತದೆ. ಮ್ಯಾಜಿಕ್ ಆಟದಲ್ಲಿ ಮೊದಲು ಆಡುವವನು ತನ್ನ ಮೊದಲ ಸರದಿಯಲ್ಲಿ ಎಲೆ ಎತ್ತುವಂತಿಲ್ಲ ಎಂಬ ನಿಯಮ ಇರುವುದು ಈ ಓರೆಯನ್ನು ನೇರ ಮಾಡುವುದಕ್ಕೇ.

ಬಿಜಾಪುರದ ಕಾಲಾಳು

ಹೊಸ ಎಲೆ ರೂಪಿಸುವ ಹವ್ಯಾಸ ಅಮೆರಿಕದಿಂದ ಬಂದದ್ದೆಂದು ಭಾವಿಸಿದರೆ ತಪ್ಪು. ನಮ್ಮ ನಾಡಿನಲ್ಲಿ ಗಂಜೀಫಾ ಎಂಬ ಎಲೆಯಾಟಕ್ಕೆ ಐದು ಶತಮಾನಗಳ ಚರಿತ್ರೆಯಿದೆ. ಬಾಬರನು 1527ರಲ್ಲಿ ಸಿಂಧಿನ ಷಾ ಹುಸೇನನಿಗೆ ಗಂಜೀಫಾ ಎಲೆಗಳನ್ನು ಕಳಿಸಿಕೊಟ್ಟದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅವನ ಮೊಮ್ಮಗ ಅಕ್ಬರನ ಕಾಲಕ್ಕೆ ಆ ಆಟ ಆಸ್ಥಾನದ ನಿತ್ಯ ವಿನೋದವಾಗಿತ್ತು.

ಅಬುಲ್ ಫಜಲನು ‘ಐನ್-ಎ-ಅಕ್ಬರಿ’ಯಲ್ಲಿ ಹನ್ನೆರಡು ಬಣ್ಣಗಳ, ಬಣ್ಣಕ್ಕೆ ಹನ್ನೆರಡರಂತೆ 144 ಎಲೆಗಳ ಹಳೆಯ ಆಟವನ್ನು ವರ್ಣಿಸುತ್ತಾನೆ. ಪ್ರತಿ ಬಣ್ಣಕ್ಕೂ ಒಬ್ಬ ರಾಜ. ಅಶ್ವಪತಿಯ ಬಲ ಕುದುರೆ. ಅವನು ದೆಹಲಿಯ ಅರಸನಂತೆ. ಗಜಪತಿಯ ಬಲ ಆನೆ. ಅವನು ಒಡಿಶಾದ ಅರಸನಂತೆ. ನರಪತಿಯ ಬಲ ಕಾಲಾಳು. ಅವನು ಬಿಜಾಪುರದ ಅರಸರಂತೆ. ಕಲಬುರಗಿಯ ನೆರೆಯ ಬಿಜಾಪುರ ಹೀಗೆ ಒಂದು ಎಲೆಯ ಬಣ್ಣವಾಗಿ ಮೊಗಲ್ ದರ್ಬಾರಿನ ಹಾಸಿನ ಮೇಲೆ ಬೀಳುತ್ತಿತ್ತು.

ಅಕ್ಬರನು ಈ ಬಣ್ಣಗಳನ್ನು ಇದ್ದಂತೆ ಬಿಡಲಿಲ್ಲ, ಕೆಲವನ್ನು ಬದಲಿಸಿದ. ಅವನ ಧನಪತಿಯ ಬಣ್ಣದಲ್ಲಿ ರಾಜ ಹಣ ಹಂಚುತ್ತಿರುತ್ತಾನೆ, ಮಂತ್ರಿ ಬೊಕ್ಕಸ ಪರೀಕ್ಷಿಸುತ್ತಿರುತ್ತಾನೆ. ಉಳಿದ ಹತ್ತು ಎಲೆಗಳಲ್ಲಿ ರತ್ನ ಪರೀಕ್ಷಕ, ಲೋಹ ಕರಗಿಸುವವ, ತೂಕದವ, ನಾಣ್ಯ ಅಚ್ಚು ಹಾಕುವವ ಮೊದಲಾದ ಕೆಲಸಗಾರರು. ಆಡಳಿತದ ಇಲಾಖೆಗಳೇ ಎಲೆಗಳಾದವು. ಬಾದಶಹ ಚಿತ್ರ ಬದಲಿಸಿದರೂ ರಾಜ, ಮಂತ್ರಿ, ಹತ್ತು ಎಲೆ ಎಂಬ ಚೌಕಟ್ಟನ್ನು ಉಳಿಸಿಕೊಂಡ ಎಂಬುದು ಗಮನಾರ್ಹ.

ಮುಂದೆ ಹೆಚ್ಚು ರೂಢಿಗೆ ಬಂದ ಮೊಗಲ್ ಗಂಜೀಫಾದಲ್ಲಿ ಎಂಟು ಬಣ್ಣ, 96 ಎಲೆ. ಹಿಂದೂ ಮನೆಗಳಲ್ಲಿ ಬೆಳೆದ ದಶಾವತಾರ ಗಂಜೀಫಾದಲ್ಲಿ ಮತ್ಸ್ಯನಿಂದ ಕಲ್ಕಿಯವರೆಗೆ ಹತ್ತು ಬಣ್ಣ, 120 ಎಲೆ. ಪ್ರತಿ ಬಣ್ಣದಲ್ಲೂ ರಾಜ, ಮಂತ್ರಿ, ಹತ್ತು ಸಂಖ್ಯೆಗಳು. ಸಾಮಾನ್ಯವಾಗಿ ಆಡುವವರು ಮೂವರು. 96 ಎಲೆಯನ್ನು ಹಂಚಿದರೆ ತಲಾ 32, 120ನ್ನು ಹಂಚಿದರೆ ತಲಾ 40, ಒಂದೂ ಉಳಿಯದು. ತುರುಪು ಎಂಬುದಿಲ್ಲ. ಯಾವ ಬಣ್ಣವೂ ಇನ್ನೊಂದಕ್ಕಿಂತ ಮೇಲಲ್ಲ.

ಇದರಲ್ಲೊಂದು ಜಾಣ ತಿರುವು ಉಂಟು. ಅರ್ಧ ಬಣ್ಣಗಳಲ್ಲಿ ಮಂತ್ರಿಯ ಕೆಳಗೆ ಹತ್ತು ದೊಡ್ಡದು, ಒಂದು ಸಣ್ಣದು. ಉಳಿದರ್ಧದಲ್ಲಿ ಅದು ತಿರುವುಮುರುವು: ಒಂದು ದೊಡ್ಡದು, ಹತ್ತು ಸಣ್ಣದು. ಖಡ್ಗದ ಒಂದು ಕನಿಷ್ಠವಾದರೆ ಚಿನ್ನದ ನಾಣ್ಯದ ಒಂದು ಮಂತ್ರಿಯ ಮರುಸ್ಥಾನಿ. ಇದರಿಂದ ಯಾರ ಬಲವೂ ಹೆಚ್ಚಲಿಲ್ಲ, ಕುಗ್ಗಲಿಲ್ಲ. ಪ್ರತಿ ಬಣ್ಣದಲ್ಲೂ ಹನ್ನೆರಡೇ ಮೆಟ್ಟಿಲು. ಹೆಚ್ಚಿದ್ದು ಆಟಗಾರನ ಎಚ್ಚರ ಮತ್ತು ನೆನಪಿನ ಕೆಲಸ ಮಾತ್ರ. ಹಗಲು ಆಡುವಾಗ ರಾಮನ ರಾಜನನ್ನು ಹಿಡಿದವನು, ರಾತ್ರಿ ಆಡುವಾಗ ಕೃಷ್ಣನ ರಾಜನನ್ನು ಹಿಡಿದವನು ಆಟ ತೆರೆಯಬೇಕೆಂಬ ರೂಢಿಯೂ ಇಂಥದ್ದೇ. ರುಚಿ ಹೆಚ್ಚುತ್ತದೆ, ತಕ್ಕಡಿ ಅಲುಗದು. ಹೊಸ ಎಲೆ ಮಾಡುವವರು ಇಂದಿಗೂ ಕಲಿಯಬೇಕಾದ ಕೌಶಲ ಇದು.

ಎಂಬತ್ತು ತೊಂಬತ್ತರ ದಶಕದ ಮಕ್ಕಳು ಆಡಿದ ಟ್ರಂಪ್ ಕಾರ್ಡುಗಳಲ್ಲೂ ಇಂಥ ಉಪಾಯವೊಂದಿತ್ತು. ಕುಸ್ತಿಪಟುವಿನ ಎತ್ತರ, ತೂಕ, ಕಾದಾಟಗಳ ಸಂಖ್ಯೆ, ಶ್ರೇಯಾಂಕ ಎಲ್ಲವೂ ಒಂದೇ ಎಲೆಯಲ್ಲಿರುತ್ತಿದ್ದವು. ಎತ್ತರದಲ್ಲಿ ಸೋಲುವವನು ಶ್ರೇಯಾಂಕದಲ್ಲಿ ಗೆಲ್ಲುತ್ತಿದ್ದ. ಒಂದು ಸಾಲಿನ ಬಡತನವನ್ನು ಇನ್ನೊಂದು ಸಾಲು ತುಂಬಿಕೊಡುತ್ತಿತ್ತು.

ಮುಮ್ಮಡಿಯವರ ಛದ

ಕನ್ನಡ ನಾಡಿನಲ್ಲಿ ಎಲೆ ರೂಪಿಸುವ ಕೆಲಸವನ್ನು ಎಲ್ಲರಿಗಿಂತ ಗಂಭೀರವಾಗಿ ಕೈಗೆತ್ತಿಕೊಂಡವರು ಮುಮ್ಮಡಿ ಕೃಷ್ಣರಾಜ ಒಡೆಯರು. 1794ರಲ್ಲಿ ಹುಟ್ಟಿದ ಅವರು 1799ರಲ್ಲಿ, ಐದರ ಬಾಲಕನಾಗಿ ಪಟ್ಟಕ್ಕೆ ಬಂದರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೆ ಅರಸರ ಪಾಲಿಗೆ ಉಳಿದದ್ದು ಅರಮನೆ, ವಿದ್ಯೆ, ಕಲೆ. ಆಳಲು ರಾಜ್ಯವಿಲ್ಲದ ರಾಜರ ಮನಸ್ಸು ಚೌಕಗಳ, ಎಲೆಗಳ ರಾಜ್ಯದ ಕಡೆ ಹರಿಯಿತು. ಚದುರಂಗದ ಕುದುರೆ ಒಂದು ಮನೆಯನ್ನೂ ಎರಡು ಸಲ ತುಳಿಯದೆ 64 ಮನೆಗಳನ್ನೂ ಸುತ್ತಿಬರುವ ಬಂಧಗಳನ್ನು ಅವರು ರಚಿಸಿದ್ದಾರೆ.

ಅವರ ಹೆಸರಿನ ‘ಶ್ರೀತತ್ತ್ವನಿಧಿ’ ಒಂಬತ್ತು ನಿಧಿಗಳ ಬೃಹದ್‌ಗ್ರಂಥ. ಅದರಲ್ಲಿ ಕೌತುಕನಿಧಿ ಎಂಬ ಭಾಗ ಆಟಗಳಿಗೆ ಮೀಸಲು. ಅಲ್ಲಿ ‘ಛದ’ ಎಂಬ ಹೆಸರಿನ 13 ಎಲೆಯಾಟಗಳ ವಿವರವಿದೆ. ಛದ ಎಂದರೆ ಸಂಸ್ಕೃತದಲ್ಲಿ ಎಲೆ. ಇಸ್ಪೀಟಿನ ಕಾರ್ಡಿಗೂ ಕನ್ನಡಿಗರು ಎಲೆ ಎಂದೇ ಹೇಳುವುದನ್ನು ನೆನೆದರೆ ಹೆಸರು ಎಷ್ಟು ಸಹಜವೆಂದು ತಿಳಿಯುತ್ತದೆ. ಚಾಮುಂಡೇಶ್ವರಿ ಛದ, ನವಗ್ರಹ ಛದ ಮೊದಲಾದ ಹೆಸರುಗಳಲ್ಲಿ ದೇವತೆಗಳು, ಗ್ರಹಗಳು ಬಣ್ಣಗಳಾಗಿ ಬಂದವು.

ಅರಸರ ಆಟಗಳು ಹಳೆಯ ಗಂಜೀಫಾದ ಸರಳ ಚೌಕಟ್ಟನ್ನು ದಾಟಿದವು. ಒಂದು ಬಣ್ಣದಲ್ಲಿ ಹತ್ತರ ಬದಲು ಹನ್ನೆರಡು ಸಂಖ್ಯೆಗಳು. ರಾಜ, ಮಂತ್ರಿ ಇಬ್ಬರ ಬದಲು ಆರು ಮಂದಿ ಆಸ್ಥಾನದವರು. ಬಣ್ಣಗಳು ಕೆಲವು ಆಟಗಳಲ್ಲಿ ಹದಿನೆಂಟರವರೆಗೆ. ಒಟ್ಟು ಎಲೆಗಳು 360ರವರೆಗೆ. ಇಷ್ಟು ಸಾಲದೆಂಬಂತೆ ಶಾಶ್ವತ ತುರುಪುಗಳು. ಯಾವ ಎಲೆಯ ಬದಲಿಗಾದರೂ ನಿಲ್ಲಬಲ್ಲ ಜೋಕರ್‌ನಂಥ ಎಲೆಗಳು. ಎಲ್ಲ ಬಣ್ಣವೂ ಸಮ ಎಂಬ ಹಳೆಯ ತಕ್ಕಡಿಗೆ ಇಲ್ಲಿ ಹೊಸ ಬಟ್ಟುಗಳು ಸೇರಿದವು.

ಚಿತ್ರಕಾರರಿಗೆ ಇದು ಹಬ್ಬವಾಯಿತು. ಮೈಸೂರು ಗಂಜೀಫಾ ಚಿತ್ರಕಲೆಯ ದೊಡ್ಡ ಕೇಂದ್ರವಾಗಿ ಬೆಳೆಯಿತು. ಆದರೆ ಆಟಗಾರರಿಗೆ? ಮೂವರು 360 ಎಲೆಗಳಿಂದ ಆಡಲು ಕೂತರೆ ತಲಾ 120 ಎಲೆ. ಎಂದರೆ ದಶಾವತಾರದ ಇಡೀ ಕಟ್ಟು ಒಬ್ಬನ ಕೈಯಲ್ಲಿ. ಯಾವ ಬಣ್ಣದಲ್ಲಿ ಯಾವ ಎಲೆ ಹೋಯಿತು, ಯಾವುದು ಉಳಿಯಿತು ಎಂದು ನೆನಪಿಟ್ಟುಕೊಳ್ಳುವುದೇ ಗಂಜೀಫಾದ ಜೀವಾಳ. ಹದಿನೆಂಟು ಬಣ್ಣಗಳಲ್ಲಿ ಅದನ್ನು ನೆನಪಿಡಬಲ್ಲವರು ಎಷ್ಟು ಮಂದಿ? ಇನ್ನು ಕೈಯಿಂದ ಚಿತ್ರ ಬರೆಸಿದ 360 ಎಲೆಗಳ ಕಟ್ಟನ್ನು ಮಾಡಿಸಬಲ್ಲ ಮನೆಗಳು ಎಷ್ಟು?

ಛದದ ಆಟಗಳು ಜನಪ್ರಿಯವಾಗಲಿಲ್ಲ. ಅರಮನೆಯ ಗೋಡೆ ದಾಟಿ ಅವು ಹರಡಿದಂತೆ ಕಾಣುವುದಿಲ್ಲ. ಒಂದು ಎಲೆಯೇ ಎಲ್ಲವನ್ನೂ ಗೆಲ್ಲುವ ಆಟ ಹೇಗೆ ಸಾಯುತ್ತದೋ, ಎಲೆಗಳ ಭಾರವನ್ನು ಆಟಗಾರ ಹೊರಲಾರದ ಆಟವೂ ಹಾಗೆಯೇ ಸಾಯುತ್ತದೆ. ಸಮತೋಲ ಎಂಬುದು ಎಲೆ ಎಲೆಗಳ ನಡುವಿನ ಲೆಕ್ಕ ಮಾತ್ರವಲ್ಲ. ಎಲೆಗೂ ಅದನ್ನು ಹಿಡಿದ ಮನುಷ್ಯನಿಗೂ ನಡುವಿನದು ಕೂಡ.

ಚಿತ್ರ ಉಳಿಯಿತು, ಆಟ?

ಛದದ ಕಥೆ ಹಾಗಾದರೆ, ಜನರೇ ಆಡುತ್ತಿದ್ದ ಗಂಜೀಫಾಕ್ಕೆ ಬೇರೆ ಕಂಟಕ ಬಂತು. ಒಂದು ಕಾಲಕ್ಕೆ ಶ್ರೀಮಂತರಿಗೆ ದಂತದ, ಆಮೆಚಿಪ್ಪಿನ ‘ದರ್ಬಾರ್ ಕಲಮ್’ ಎಲೆಗಳು, ಬಡವರಿಗೆ ಬಟ್ಟೆ ಅಥವಾ ಕಾಗದದ ‘ಬಜಾರ್ ಕಲಮ್’ ಎಲೆಗಳು ಇದ್ದವು. ಸಾವಂತವಾಡಿ, ಬಿಷ್ಣುಪುರ, ಒಡಿಶಾದ ರಘುರಾಜಪುರಗಳಂತೆ, ಕಲಬುರಗಿಯನ್ನೂ ಒಳಗೊಂಡಿದ್ದ ನಿಜಾಮರ ಸಂಸ್ಥಾನದ ನಿರ್ಮಲ್ ಊರೂ ಈ ಎಲೆಗಳಿಗೆ ಹೆಸರಾಗಿತ್ತು. ಯಂತ್ರದಲ್ಲಿ ಅಚ್ಚಾದ 52 ಎಲೆಗಳ ಅಗ್ಗದ ಇಸ್ಪೀಟು ಬಂದ ಮೇಲೆ ಕೈಬರಹದ ದುಂಡನೆಯ ಎಲೆಗಳು ಹಿಂದೆ ಸರಿದವು.

ಮೈಸೂರಿನ ಕಲಾವಿದ ಗಂಜೀಫಾ ರಘುಪತಿ ಭಟ್ಟರು ಈ ಚಿತ್ರಕಲೆಗೆ ಮತ್ತೆ ಜೀವ ಕೊಟ್ಟವರಲ್ಲಿ ಪ್ರಮುಖರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಸಾಂಪ್ರದಾಯಿಕ ಆಟಗಳ ಪ್ರದರ್ಶನ ನಡೆಸಿ ಹಳೆಯ ಹಾಸು, ಕಾಯಿ, ಎಲೆಗಳನ್ನು ಜನರ ಮುಂದೆ ತಂದಿದೆ. ಮೈಸೂರು ಗಂಜೀಫಾ ಎಲೆಗಳಿಗೆ ಕಮಲಾಪುರದ ಕೆಂಪು ಬಾಳೆಯಂತೆ, ಕಲಬುರಗಿಯ ತೊಗರಿಯಂತೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಬಾಳೆಯನ್ನು ತಿನ್ನುತ್ತಾರೆ, ತೊಗರಿಯನ್ನು ಬೇಯಿಸುತ್ತಾರೆ. ಗಂಜೀಫಾವನ್ನು ಮಾತ್ರ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಎಲೆಯ ಬೆಲೆ ಏರಿದಷ್ಟೂ ಅದನ್ನು ಕೈಯಲ್ಲಿ ಹಿಡಿದು ನೆಲಕ್ಕೆ ಬಡಿದು ಆಡುವವರು ಕಡಿಮೆಯಾಗುತ್ತಾರೆ. ಚಿತ್ರದ ಗುರುತಿಗೆ ರಕ್ಷಣೆ ಕೊಡಬಹುದು. ಖಡ್ಗದ ಒಂದು ಯಾಕೆ ಸಣ್ಣದು, ನಾಣ್ಯದ ಒಂದು ಯಾಕೆ ದೊಡ್ಡದು ಎಂಬ ತಿಳಿವಳಿಕೆ ಉಳಿಯಬೇಕಾದರೆ ಯಾರಾದರೂ ಆಡಲೇಬೇಕು.

ಟ್ರೇಡಿಂಗ್ ಕಾರ್ಡುಗಳಿಗೂ ಈ ಅಪಾಯ ತಪ್ಪಿದ್ದಲ್ಲ. ಮ್ಯಾಜಿಕ್ ಆಟದ ಮೊದಲ ಮುದ್ರಣದ ‘ಬ್ಲ್ಯಾಕ್ ಲೋಟಸ್’ ಎಲೆ ಇಂದು ಸಂಗ್ರಾಹಕರ ತಿಜೋರಿಯ ವಸ್ತು. ಅದನ್ನು ಆಡುವವರಿಗಿಂತ ಗಾಜಿನೊಳಗಿಟ್ಟು ನೋಡುವವರೇ ಹೆಚ್ಚು.

ಈ ದೃಷ್ಟಿಯಿಂದ ನೋಡಿದರೆ ಪಡಸಾಲೆಯಲ್ಲಿ ರಟ್ಟು ಕತ್ತರಿಸುವ ಮಕ್ಕಳು ಮಾಡುತ್ತಿರುವುದು ಸಣ್ಣ ಕೆಲಸವಲ್ಲ. ಅವರಿಗೆ ಹಿರಿಯರು ಹೇಳಿಕೊಡಬಹುದಾದ ವಿಧಾನವೂ ಕಷ್ಟದ್ದಲ್ಲ. ಮೊದಲು ಸಾದಾ ಎಲೆಯೊಂದನ್ನು ಬಟ್ಟಾಗಿ ಗೊತ್ತು ಮಾಡಿಕೊಳ್ಳಬೇಕು. ಹೊಸ ಎಲೆಯ ಬಲದ ಜೊತೆಗೇ ಅದರ ಕೊರತೆಯನ್ನೂ ಬರೆಯಬೇಕು. ಪೆನ್ನಿನಿಂದಲ್ಲ, ಪೆನ್ಸಿಲ್ಲಿನಿಂದ, ಅಂಕಿ ಖಂಡಿತ ಬದಲಾಗುತ್ತದೆ. ಹತ್ತು ಸಲ ಆಡಿ, ಆ ಎಲೆ ಬಂದವರು ಎಷ್ಟು ಸಲ ಗೆದ್ದರೆಂದು ಗೀಟು ಹಾಕಬೇಕು. ಹತ್ತಕ್ಕೆ ಒಂಬತ್ತು ಸಲ ಗೆದ್ದರೆ ಖರ್ಚು ಏರಬೇಕು; ಒಮ್ಮೆಯೂ ಯಾರೂ ಅದನ್ನು ಕೆಳಗಿಡದಿದ್ದರೆ ಇಳಿಯಬೇಕು. ಆಮೇಲೆ ಕೈ ಬದಲಿಸಿ, ಎಲೆ ಬರೆದವನು ಅದರ ಎದುರಿಗೆ ಕೂತು ಆಡಬೇಕು. ತಾನು ಮಾಡಿದ ಎಲೆಯ ಪೆಟ್ಟು ತನಗೇ ಬಿದ್ದಾಗ ನ್ಯಾಯವೆಂದರೇನು ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ.

‘ಎಲ್ಲವನ್ನೂ ಸೋಲಿಸುತ್ತದೆ’ ಎಂದು ಬರೆದ ಚಿಕ್ಕ ಹುಡುಗನ ಎಲೆಯನ್ನೂ ಹರಿದು ಎಸೆಯಬೇಕಿಲ್ಲ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದರೆ ಸಾಕು: ‘ಇದನ್ನು ಆಡಿದವನು ಕೈಯಲ್ಲಿರುವ ಉಳಿದ ಎಲೆಗಳನ್ನೆಲ್ಲ ಕೆಳಗಿಡಬೇಕು.’ ಆಗ ಅವನು ಅದನ್ನು ಆಡುವ ಮುನ್ನ ಒಂದು ಗಳಿಗೆ ಯೋಚಿಸುತ್ತಾನೆ. ಎದುರಿಗೆ ಕೂತವರೂ ಉಸಿರು ಬಿಗಿಹಿಡಿದು ಅವನ ಕೈಯನ್ನೇ ನೋಡುತ್ತಾರೆ. ಅಲ್ಲಿಗೆ ಆಟ ಮತ್ತೆ ಶುರುವಾಯಿತು.